ಟ್ಯಾಂಕಿನ ಮುಚ್ಚಳಕ್ಕೂ ಒಂದು ಇತಿಹಾಸ

ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲಗಳ ದಾರಿಯಲ್ಲಿ ಓಡಾಡಿದವರಿಗೆ ಈ ನೋಟ ಹೊಸದಲ್ಲ. ಹಳೆಯದೊಂದು ಜೀಪು, ಕಾರು ಇಲ್ಲವೆ ಟ್ರ್ಯಾಕ್ಟರ್. ಅದರ ಇಂಧನ ಟ್ಯಾಂಕಿಗೆ ಮುಚ್ಚಳವಿಲ್ಲ. ಟ್ಯಾಂಕಿನ ಬಾಯಿಗೆ ಹಳೆಯ ಅರಿವೆಯ ಗಂಟೊಂದನ್ನು ತುರುಕಿರುತ್ತಾರೆ. ಮಳೆಗಾಲವಾದರೆ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ, ಹಾಳೆಯ ಸುತ್ತ ಸುತಳಿ. ಮುಚ್ಚಳ ಎಲ್ಲಿ ಹೋಯಿತೆಂದು ವಿಚಾರಿಸಿದರೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ಪಂಪಿನಲ್ಲಿ ಎಣ್ಣೆ ಹಾಕಿಸುವಾಗ ತೆಗೆದು ಪಕ್ಕಕ್ಕಿಟ್ಟದ್ದು ಅಲ್ಲೇ ಉಳಿಯಿತು.

ಹೊಸ ಮುಚ್ಚಳ ತರಲು ಹುಬ್ಬಳ್ಳಿಗೇ ಹೋಗಬೇಕು. ಹೋದಾಗ ತಂದರಾಯಿತು ಎಂದುಕೊಂಡು ಒಂದು ಹಂಗಾಮು ಕಳೆಯುತ್ತದೆ, ಮತ್ತೊಂದೂ ಕಳೆಯುತ್ತದೆ. ವಾಹನದ ಬೆಲೆಯ ಮುಂದೆ ಮುಚ್ಚಳದ ಬೆಲೆ ಲೆಕ್ಕಕ್ಕೆ ಬರುವಂಥದ್ದಲ್ಲ. ಇಷ್ಟು ಅಗ್ಗದ ವಸ್ತುವಿನಿಂದ ಏನಾದೀತು ಎಂಬ ಉದಾಸೀನ ಸಹಜವೇ. ಆದರೆ ಈ ಮುಚ್ಚಳ ತಾನು ಕಾಣುವಷ್ಟು ಸರಳವಾದದ್ದಲ್ಲ. ಕಳೆದ 130 ವರ್ಷಗಳಲ್ಲಿ ಇಂಧನದ ಕಥೆಯಲ್ಲಿ ಏನೇನು ಬದಲಾಯಿತೋ ಅದೆಲ್ಲದರ ಗುರುತು ಇದರ ಮೇಲೆ ಬಿದ್ದಿದೆ. ಆ ಕಥೆ ತಿಳಿದರೆ ಅರಿವೆಯ ಗಂಟು ಏಕೆ ಸಲ್ಲದು, ಕೈಗೆ ಸಿಕ್ಕ ಯಾವುದೋ ಮುಚ್ಚಳವೂ ಏಕೆ ಸಲ್ಲದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಎಣ್ಣೆ ಡಬ್ಬಿಯ ಎರಡು ತೂತು

ಅಡುಗೆ ಮನೆಯ ಒಂದು ಅನುಭವವನ್ನು ಇಲ್ಲಿ ನೆನೆಯಬಹುದು. ಸೀಲು ಮಾಡಿದ ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಸರಾಗವಾಗಿ ಬೀಳುವುದಿಲ್ಲ. ಗುಳುಗುಳು ಎಂದು ತಡೆತಡೆದು ಬೀಳುತ್ತದೆ. ಎದುರಿನ ಮೂಲೆಯಲ್ಲಿ ಇನ್ನೊಂದು ಸಣ್ಣ ತೂತು ಹೊಡೆದರೆ ಸಾಕು, ಧಾರೆ ನೆಟ್ಟಗಾಗುತ್ತದೆ. ಹೊರಗೆ ಹೋದ ಎಣ್ಣೆಯ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಒಳಗೆ ಒತ್ತಡ ತಗ್ಗಿ ಎಣ್ಣೆಯನ್ನು ಹಿಡಿದು ನಿಲ್ಲಿಸುತ್ತದೆ.

ವಾಹನದ ಟ್ಯಾಂಕಿಗೂ ಇದೇ ನಿಯಮ. ಎಂಜಿನ್ ಇಂಧನವನ್ನು ಎಳೆದುಕೊಂಡಷ್ಟೂ ಟ್ಯಾಂಕಿನೊಳಗೆ ಗಾಳಿ ಸೇರಬೇಕು. ಹಾಗೆಂದು ಬಾಯಿಯನ್ನು ತೆರೆದೇ ಬಿಡುವಂತಿಲ್ಲ. ಪೆಟ್ರೋಲ್ ಆವಿಯಾಗುತ್ತದೆ, ತುಳುಕುತ್ತದೆ, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹೊರಗಿನ ಧೂಳು ಮತ್ತು ನೀರು ಒಳಗೆ ಹೋಗುತ್ತವೆ. ಅಂದರೆ ಮುಚ್ಚಳ ಮುಚ್ಚಿರಲೂ ಬೇಕು, ಉಸಿರಾಡಲೂ ಬೇಕು. ಪರಸ್ಪರ ವಿರುದ್ಧವಾದ ಈ ಎರಡು ಕೆಲಸಗಳನ್ನು ಒಂದೇ ವಸ್ತುವಿನಿಂದ ಮಾಡಿಸುವ ಪ್ರಯತ್ನವೇ ಈ ಮುಚ್ಚಳದ ಇತಿಹಾಸ.

ಔಷಧ ಅಂಗಡಿಯಿಂದ ಡಬ್ಬಿಯವರೆಗೆ

ಮೋಟಾರು ವಾಹನ ಹುಟ್ಟಿದ ಕಾಲಕ್ಕೆ ಪೆಟ್ರೋಲ್ ಪಂಪು ಎಂಬುದೇ ಇರಲಿಲ್ಲ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಗಂಡ ಕಾರ್ಲ್ ಬೆಂಜ್ ತಯಾರಿಸಿದ್ದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ದೂರ ನೂರು ಕಿಲೋಮೀಟರಿಗೂ ತುಸು ಹೆಚ್ಚು. ನಡುವೆ ಇಂಧನ ಮುಗಿಯಿತು. ವೀಸ್ಲೋಖ್ ಎಂಬ ಊರಿನ ಔಷಧ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ‘ಲಿಗ್ರೋಯಿನ್’ ಎಂಬ ದ್ರಾವಣವನ್ನು ಕೊಂಡು ಗಾಡಿಗೆ ಹಾಕಿದಳು. ಜಗತ್ತಿನ ಮೊದಲ ಪೆಟ್ರೋಲ್ ಪಂಪು ಎಂದು ಆ ಔಷಧ ಅಂಗಡಿಯನ್ನು ಇಂದಿಗೂ ಅಲ್ಲಿನವರು ಹೆಮ್ಮೆಯಿಂದ ತೋರಿಸುತ್ತಾರೆ.

ಮುಂದೆ ಇಂಧನ ಡಬ್ಬಿಗಳಲ್ಲಿ ಬರತೊಡಗಿತು. ಇಂಗ್ಲೆಂಡಿನಲ್ಲಿ ಎರಡು ಗ್ಯಾಲನ್ನಿನ ತಗಡಿನ ಡಬ್ಬಿ, ಅದಕ್ಕೆ ಕಂಪನಿಯ ಹೆಸರು ಕೆತ್ತಿದ ಹಿತ್ತಾಳೆಯ ತಿರುಪು ಮುಚ್ಚಳ ರೂಢಿಯಲ್ಲಿತ್ತು. ಭಾರತದ ಹಳ್ಳಿಗಳಿಗೆ ಮೊದಲು ಪರಿಚಯವಾದದ್ದು ಚಿಮಣಿ ಎಣ್ಣೆಯ ನಾಲ್ಕು ಗ್ಯಾಲನ್ನಿನ, ಅಂದರೆ ಸುಮಾರು 18 ಲೀಟರಿನ ಚೌಕ ಡಬ್ಬಿ. ಎಣ್ಣೆ ಮುಗಿದ ಮೇಲೆ ಅದಕ್ಕೊಂದು ಹಿಡಿಕೆ ಕೂಡಿಸಿ ನೀರು ತರಲು, ಕಾಳು ತುಂಬಿಡಲು ಬಳಸದ ಮನೆ ಇರಲಿಲ್ಲ. 1928ರಲ್ಲಿ ಬರ್ಮಾ ಆಯಿಲ್ ಮತ್ತು ಶೆಲ್ ಕಂಪನಿಗಳು ಭಾರತದ ಮಾರುಕಟ್ಟೆಗಾಗಿ ಒಂದಾಗಿ ಬರ್ಮಾ-ಶೆಲ್ ಆದವು. 1976ರಲ್ಲಿ ಸರ್ಕಾರ ವಹಿಸಿಕೊಂಡ ಬಳಿಕ ಅದೇ ಇಂದಿನ ಭಾರತ್ ಪೆಟ್ರೋಲಿಯಂ.

ಆ ಕಾಲಕ್ಕೆ ಧಾರವಾಡ ಸೀಮೆ ಒಂದೇ ಆಡಳಿತದಲ್ಲಿರಲಿಲ್ಲ. ನವಲಗುಂದ, ಅಣ್ಣಿಗೇರಿ, ಕಲಘಟಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದರೆ, ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹುಬ್ಬಳ್ಳಿಯ ಅರಳೆ ಪೇಟೆಗೆ ಈ ಊರುಗಳಿಂದ ಹತ್ತಿ ಹೋಗುತ್ತಿದ್ದುದು ಬಹುಪಾಲು ಚಕ್ಕಡಿಗಳಲ್ಲಿ. ಮೋಟಾರು ಗಾಡಿ ಬಲ್ಲಿದರ ಸೊತ್ತು.

ಅಮೆರಿಕದಲ್ಲಿ ಮಾತ್ರ ಕಾರು ಜನಸಾಮಾನ್ಯರ ಕೈಗೆ ಬಂದಿತ್ತು. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ತಯಾರಾದ ಫೋರ್ಡ್ ‘ಮಾಡೆಲ್ ಟಿ’ ಕಾರಿನ ಟ್ಯಾಂಕು ಬಹುಕಾಲ ಮುಂದಿನ ಆಸನದ ಕೆಳಗೇ ಇತ್ತು. ಇಂಧನ ಎತ್ತಿ ಕೊಡುವ ಪಂಪು ಅದರಲ್ಲಿರಲಿಲ್ಲ. ನೀರು ಇಳಿಜಾರಿಗೆ ಹರಿಯುವಂತೆ ಪೆಟ್ರೋಲ್ ತಾನಾಗಿ ಎಂಜಿನ್ನಿಗೆ ಇಳಿಯಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ದಿಬ್ಬ ಬಂದರೆ ಕಾರನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಇಂಥ ಗಾಡಿಯ ಮುಚ್ಚಳದಲ್ಲಿ ಗಾಳಿಗೆಂದು ಬಿಟ್ಟ ಸಣ್ಣ ತೂತು ಕೊಳೆಯಿಂದ ಮುಚ್ಚಿಹೋದರೆ ಕಾರು ನಿಂತೇಹೋಗುತ್ತಿತ್ತು. ಮುಚ್ಚಳದ ಉಸಿರಿಗೂ ಎಂಜಿನ್ನಿನ ಉಸಿರಿಗೂ ಇರುವ ನಂಟು ಚಾಲಕರಿಗೆ ಅರ್ಥವಾದದ್ದು ಹೀಗೆ.

ಯುದ್ಧ ಕಲಿಸಿದ ಪಾಠ

ಎರಡನೆಯ ಮಹಾಯುದ್ಧದಲ್ಲಿ ಮುಚ್ಚಳದ ಬೆಲೆ ಸೇನಾಪತಿಗಳಿಗೂ ತಿಳಿಯಿತು. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಬ್ರಿಟಿಷ್ ಪಡೆಗಳು ತೆಳು ತಗಡಿನ ಡಬ್ಬಿಗಳಲ್ಲಿ ಪೆಟ್ರೋಲ್ ಸಾಗಿಸುತ್ತಿದ್ದವು. ಕುಲುಕಾಟಕ್ಕೆ ಡಬ್ಬಿಗಳ ಬೆಸುಗೆ ಬಿಟ್ಟು ಇಂಧನ ದಾರಿಯುದ್ದಕ್ಕೂ ಸೋರಿಹೋಗುತ್ತಿತ್ತು. ಜರ್ಮನರ ಬಳಿ ಇದ್ದದ್ದು 20 ಲೀಟರಿನ ಗಟ್ಟಿ ಉಕ್ಕಿನ ಡಬ್ಬಿ. ಅದರ ಮುಚ್ಚಳ ತಿರುಪಿನದಲ್ಲ. ಒತ್ತಿದರೆ ಬಿಗಿಯಾಗಿ ಕೂರುವ, ಡಬ್ಬಿಗೇ ಅಂಟಿಕೊಂಡಿರುವ ಸನ್ನೆ ಮುಚ್ಚಳ. ಹೀಗಾಗಿ ಕಳೆದುಹೋಗುವ ಮಾತೇ ಇಲ್ಲ. ಸುರಿಯುವಾಗ ಗಾಳಿ ಒಳಗೆ ಹೋಗಲು ಬಾಯಿಯ ಬಳಿ ಸಣ್ಣದೊಂದು ಕೊಳವೆಯೂ ಇತ್ತು. ಸೆರೆಸಿಕ್ಕ ಈ ಡಬ್ಬಿಗಳನ್ನು ಬ್ರಿಟಿಷ್ ಸೈನಿಕರು ಮುಗಿಬಿದ್ದು ಬಳಸಿದರು. ಬಳಿಕ ಅದನ್ನೇ ನೋಡಿ ತಾವೂ ತಯಾರಿಸಿದರು. ಜರ್ಮನರನ್ನು ‘ಜೆರ್ರಿ’ ಎಂದು ಕರೆಯುತ್ತಿದ್ದುದರಿಂದ ಅದಕ್ಕೆ ‘ಜೆರ್ರಿಕ್ಯಾನ್’ ಎಂಬ ಹೆಸರು ನಿಂತಿತು. ಆ ಮರುಭೂಮಿಯ ಕದನಗಳಲ್ಲಿ ಭಾರತೀಯ ಸೈನಿಕರೂ ಇದ್ದರು.

ಇತ್ತ ಊರಿನಲ್ಲಿ ಪೆಟ್ರೋಲಿಗೆ ಬರ. 1941ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳ ಹಿಂದೆ ಎತ್ತರದ ಉರುಳೆಯಂಥ ಒಲೆ ಕೂಡಿಸಿ, ಇದ್ದಿಲು ಉರಿಸಿ, ಅದರಿಂದ ಬರುವ ಗ್ಯಾಸಿನಿಂದ ಎಂಜಿನ್ ಓಡಿಸಿದರು. ಹೊರಡುವ ಮುಂಚೆ ಕ್ಲೀನರ್ ತಿದಿಯ ಹಿಡಿಕೆ ತಿರುಗಿಸಿ ತಿರುಗಿಸಿ ಬೆವರಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು. ಇದ್ದಿಲ ಬಸ್ಸಿನ ಈ ಪ್ರಯಾಣಗಳನ್ನು ಆ ಕಾಲದ ಹಿರಿಯರು ಮರೆಯಲೇ ಇಲ್ಲ. ಇದ್ದಿಲು ಮುಂದೆ ಇನ್ನೊಂದು ವೇಷದಲ್ಲಿ ವಾಹನಕ್ಕೆ ಮರಳಿ ಬಂದದ್ದನ್ನು ಮುಂದೆ ನೋಡಬಹುದು.

ಎರೆ ಮಣ್ಣಿಗೆ ಬಂದ ಟ್ರ್ಯಾಕ್ಟರ್

ಯುದ್ಧದ ಜೊತೆಗೇ ಬಂದದ್ದು ಜೀಪು. ಸೈನ್ಯದ ಮೂಲ ವಿಲ್ಲಿಸ್ ಜೀಪಿನ ಟ್ಯಾಂಕು ಚಾಲಕನ ಆಸನದ ಕೆಳಗೇ ಇತ್ತು. ಎಣ್ಣೆ ಹಾಕಿಸಬೇಕಾದರೆ ಚಾಲಕ ಎದ್ದು ನಿಂತು ಆಸನ ಎತ್ತಬೇಕು. ಸ್ವಾತಂತ್ರ್ಯದ ನಂತರ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. ಅಂಬಾಸಡರ್, ಫಿಯೆಟ್ ಕಾರುಗಳು ಬಂದವು. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮೋಟಾರ್ ಸೈಕಲ್ ತಯಾರಿಕೆ ಆರಂಭಿಸಿತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸಬೇಕಾಗಿದ್ದ ಟೂ-ಸ್ಟ್ರೋಕ್ ವಾಹನಗಳ ಕಾಲವದು. ಅಂಥ ಕೆಲವು ವಾಹನಗಳಲ್ಲಿ ಟ್ಯಾಂಕಿನ ಮುಚ್ಚಳವೇ ಎಣ್ಣೆಯ ಅಳತೆ ಬಟ್ಟಲೂ ಆಗಿರುತ್ತಿತ್ತು.

ಧಾರವಾಡದ ಹಳ್ಳಿಗಳಿಗೆ ಟ್ರ್ಯಾಕ್ಟರ್ ಬಂದದ್ದು ನಿಧಾನವಾಗಿ. ಭಾರತದಲ್ಲಿ ಟ್ರ್ಯಾಕ್ಟರ್ ತಯಾರಿಕೆ 1959ರ ಸುಮಾರಿಗೆ ಶುರುವಾಯಿತು. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಅಣೆಕಟ್ಟು ಪೂರ್ಣಗೊಂಡು ಮಲಪ್ರಭಾ ಕಾಲುವೆಯ ನೀರು ನವಲಗುಂದದ ಕಡೆ ಹರಿಯಿತು. ಹೊಲದ ಕೆಲಸ ಹೆಚ್ಚಿತು, ಡೀಸೆಲ್ ಎಂಜಿನ್ನಿನ ಸದ್ದೂ ಹೆಚ್ಚಿತು.

ಎರೆ ಮಣ್ಣಿನ ಗುಣ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟು ನಯವಾದ ಧೂಳಾಗುತ್ತದೆ, ಮಳೆಗೆ ಅಂಟು ಕೆಸರಾಗುತ್ತದೆ. ಎರಡೂ ಮುಚ್ಚಳದ ವೈರಿಗಳೇ. ಟ್ರ್ಯಾಕ್ಟರಿನ ಮುಚ್ಚಳದಲ್ಲಿ ಗಾಳಿಗೆಂದು ಬಿಟ್ಟ ದಾರಿ ಧೂಳಿನಿಂದ ಕಟ್ಟಿಕೊಂಡರೆ ಎಂಜಿನ್ ಮೊದಲು ಸೊರಗುತ್ತದೆ, ಆಮೇಲೆ ನಿಲ್ಲುತ್ತದೆ. ಚಾಲಕ ಇಳಿದು ಮುಚ್ಚಳ ತಿರುಗಿಸಿದಾಗ ‘ಸುಂಯ್’ ಎಂದು ಗಾಳಿ ಒಳನುಗ್ಗುತ್ತದೆ, ಎಂಜಿನ್ ಮತ್ತೆ ಓಡುತ್ತದೆ. ಗಾಡಿಗೆ ದಣಿವಾಗಿತ್ತು, ಆರಿಸಿಕೊಂಡಿತು ಎಂದುಕೊಂಡು ಮತ್ತೆ ಹೊರಡುವವರುಂಟು. ದಣಿದದ್ದು ಗಾಡಿಯಲ್ಲ, ಉಸಿರುಗಟ್ಟಿದ್ದು ಮುಚ್ಚಳ.

ಮುಚ್ಚಳವೇ ಇಲ್ಲದಿದ್ದರೆ ಕೇಡು ಇನ್ನೂ ಹೆಚ್ಚಿನದು. ಡೀಸೆಲ್ ಪಂಪು ಮತ್ತು ನಾಝಲ್‌ಗಳ ಒಳಭಾಗಗಳು ಕೂದಲೆಳೆಗಿಂತ ಎಷ್ಟೋ ಕಡಿಮೆ ಸಂದಿಯಲ್ಲಿ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತವೆ. ಡೀಸೆಲ್ಲೇ ಅವುಗಳಿಗೆ ಜಾರೆಣ್ಣೆ. ಮಳೆನೀರು ಸೇರಿದರೆ ತುಕ್ಕು, ಧೂಳು ಸೇರಿದರೆ ಸವೆತ. ಮುಚ್ಚಳಕ್ಕೆ ಉಳಿಸಿದ ಹಣದ ಎಷ್ಟೋ ಪಟ್ಟು ಹಣವನ್ನು ಪಂಪು ಬಿಚ್ಚಿಸಲು ತೆರಬೇಕಾಗುತ್ತದೆ. ಅದೂ ಬಿತ್ತನೆಯ ಹದ ಕೈತಪ್ಪುವ ಹೊತ್ತಿನಲ್ಲಿ.

ಮುಚ್ಚಳಕ್ಕೆ ಬಿದ್ದ ಕೀಲಿ

1973ರ ಅಕ್ಟೋಬರ್‌ನಲ್ಲಿ ಅರಬ್–ಇಸ್ರೇಲ್ ಯುದ್ಧ ಆರಂಭವಾಯಿತು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್‌ಗೆ ಸುಮಾರು 3 ಡಾಲರ್‌ನಿಂದ 12 ಡಾಲರ್ ಆಸುಪಾಸಿಗೆ ಏರಿತು. ಅಮೆರಿಕದಲ್ಲಿ ನಿಲ್ಲಿಸಿದ ಕಾರುಗಳಿಂದ ರಬ್ಬರ್ ಕೊಳವೆ ಹಾಕಿ ಪೆಟ್ರೋಲ್ ಕದಿಯುವುದು ಹೆಚ್ಚಾಯಿತು. ಕೀಲಿಯಿರುವ ಮುಚ್ಚಳಗಳಿಗೆ ಒಮ್ಮೆಲೇ ಗಿರಾಕಿ ಬಂತು. ಭಾರತದಲ್ಲೂ ಪೆಟ್ರೋಲ್ ತುಟ್ಟಿಯಾದಂತೆ ಮುಚ್ಚಳಕ್ಕೆ ಕೀಲಿ ಬಂತು. ಮುಂಚೆ ಧೂಳು, ನೀರನ್ನು ತಡೆದರೆ ಸಾಕಾಗಿದ್ದ ಮುಚ್ಚಳ ಈಗ ಕಳ್ಳನನ್ನೂ ತಡೆಯಬೇಕಾಯಿತು.

ಅದೇ ಹೊತ್ತಿಗೆ ಇನ್ನೊಂದು ದೊಡ್ಡ ಬದಲಾವಣೆ ಕಣ್ಣಿಗೆ ಕಾಣದಂತೆ ನಡೆದಿತ್ತು. ನಗರಗಳ ಗಾಳಿ ಕೆಡಿಸುವುದು ಹೊಗೆಕೊಳವೆಯಷ್ಟೇ ಅಲ್ಲ, ನಿಂತ ಕಾರಿನ ಟ್ಯಾಂಕಿನಿಂದ ಏಳುವ ಪೆಟ್ರೋಲ್ ಆವಿಯೂ ಹೌದು ಎಂದು ವಿಜ್ಞಾನಿಗಳು ಕಂಡುಕೊಂಡಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1970ರ ಕಾರುಗಳಿಂದ, ಇಡೀ ಅಮೆರಿಕದಲ್ಲಿ 1971ರ ಕಾರುಗಳಿಂದ ಈ ಆವಿಯನ್ನು ಹೊರಬಿಡದಂತೆ ನಿಯಮ ಬಂತು. ಮುಚ್ಚಳದಲ್ಲಿದ್ದ ತೂತು ಹೋಯಿತು. ಆವಿಯನ್ನು ಕೊಳವೆಯ ಮೂಲಕ ಒಂದು ಡಬ್ಬಿಗೆ ಸಾಗಿಸಿ ಹಿಡಿದಿಟ್ಟು, ಎಂಜಿನ್ ಓಡುವಾಗ ಅಲ್ಲಿಂದ ಎಳೆದು ಉರಿಸುವ ವ್ಯವಸ್ಥೆ ಬಂತು. ಆ ಡಬ್ಬಿಯಲ್ಲಿ ಆವಿಯನ್ನು ಹೀರಿ ಹಿಡಿಯುವ ವಸ್ತು ಯಾವುದೆಂದರೆ ಇದ್ದಿಲು! ಯುದ್ಧಕಾಲದಲ್ಲಿ ಬಸ್ಸಿನ ಹಿಂದೆ ಉರಿದದ್ದೇ, ವಿಶೇಷವಾಗಿ ಸಂಸ್ಕರಿಸಿದ ರೂಪದಲ್ಲಿ, ಪೆಟ್ರೋಲ್ ಕಾಯುವ ಕೆಲಸಕ್ಕೆ ನಿಂತಿತು.

ಭಾರತದಲ್ಲಿ 1990ರ ದಶಕದ ನಂತರ ನಿಯಮಗಳು ಹಂತಹಂತವಾಗಿ ಬಿಗಿಯಾದವು. 2017ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಗೆ ಬಂದವು. ಇಂದಿನ ಪೆಟ್ರೋಲ್ ಕಾರಿನ ಮುಚ್ಚಳದೊಳಗೆ ಸಾಮಾನ್ಯವಾಗಿ ಸಣ್ಣ ಸ್ಪ್ರಿಂಗ್ ಕವಾಟಗಳಿರುತ್ತವೆ. ಒಳಗೆ ಒತ್ತಡ ತೀರಾ ತಗ್ಗಿದರೆ ಹೊರಗಿನ ಗಾಳಿಯನ್ನು ಬಿಟ್ಟುಕೊಳ್ಳುತ್ತವೆ, ಒತ್ತಡ ತೀರಾ ಏರಿದರೆ ಹೊರಬಿಡುತ್ತವೆ. ಉಳಿದ ವೇಳೆ ಬಾಯಿ ಬಿಗಿ.

ಈ ಕಾರಣಕ್ಕೇ ಹಳೆಯ ವಾಹನದ ಮುಚ್ಚಳ ಹೊಸದಕ್ಕೆ, ಹೊಸದರದು ಹಳೆಯದಕ್ಕೆ ಆಗಿಬರುವುದಿಲ್ಲ. ತೂತಿನ ಮುಚ್ಚಳವನ್ನು ಹೊಸ ಕಾರಿಗೆ ಹಾಕಿದರೆ ಪೆಟ್ರೋಲ್ ವಾಸನೆ, ಆವಿಯ ಸೋರಿಕೆ. ಪೂರ್ತಿ ಬಿಗಿಯಾದ ಮುಚ್ಚಳವನ್ನು ಹಳೆಯ ಜೀಪಿಗೆ ಹಾಕಿದರೆ ನಡುದಾರಿಯಲ್ಲಿ ಉಸಿರುಗಟ್ಟುತ್ತದೆ.

ಎಥನಾಲ್ ಬಂದ ಮೇಲೆ

ಈಚಿನ ಬದಲಾವಣೆ ಪೆಟ್ರೋಲಿನಲ್ಲೇ ಆಗಿದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ವೇಳೆಗೆ ಅದು ದೇಶದೆಲ್ಲೆಡೆ ಸಾಮಾನ್ಯವಾಯಿತು. ಬೆಳಗಾವಿ, ಬಾಗಲಕೋಟೆಯ ಕಬ್ಬಿನಿಂದ ಆಗುವ ಎಥನಾಲ್ ಗೋವಿನಜೋಳದಂಥ ಧಾನ್ಯಗಳಿಂದಲೂ ಆಗುತ್ತದೆ. ಹೊಲದ ಬೆಳೆ ಒಂದರ್ಥದಲ್ಲಿ ಟ್ಯಾಂಕಿಗೇ ಬಂದಿದೆ.

ಎಥನಾಲ್‌ಗೆ ನೀರಿನ ಮೇಲೆ ಮೋಹ ಹೆಚ್ಚು. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಇಂಧನ ಹೋಗುವುದು ತಳದಿಂದಲೇ. ಕಲಘಟಗಿಯಂಥ ಮಲೆನಾಡಿನ ಸೆರಗಿನ ಊರುಗಳಲ್ಲಿ, ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಿನ ಮುಚ್ಚಳ ಸಡಿಲವಾಗಿದ್ದರೆ ಮೊದಲಿಗಿಂತ ಈಗ ಅಪಾಯ ಹೆಚ್ಚು. ಹಳೆಯ ಮುಚ್ಚಳದ ರಬ್ಬರ್ ವಾಷರ್‌ಗಳಲ್ಲಿ ಎಷ್ಟೋ ಎಥನಾಲ್‌ಗೆಂದು ಮಾಡಿದವಲ್ಲ. ಅವು ಉಬ್ಬುತ್ತವೆ, ಇಲ್ಲವೆ ಗಡುಸಾಗಿ ಬಿರುಕು ಬಿಡುತ್ತವೆ.

ಮನೆಯಲ್ಲೇ ಬದಲಿಸುವುದು

ಇಷ್ಟೆಲ್ಲ ಇತಿಹಾಸವಿದ್ದರೂ ಮುಚ್ಚಳ ಬದಲಿಸುವ ಕೆಲಸಕ್ಕೆ ಮಿಸ್ತ್ರಿಯೇ ಬೇಕೆಂದಿಲ್ಲ. ಮನೆಯ ಅಂಗಳದಲ್ಲಿ ಹತ್ತು ನಿಮಿಷದ ಕೆಲಸ. ಸರಿಯಾದ ಮುಚ್ಚಳ ಆರಿಸುವುದರಲ್ಲೇ ಮುಕ್ಕಾಲು ಕೆಲಸ ಮುಗಿದಂತೆ. ಅಂಗಡಿಗೆ ಹಳೆಯ ಮುಚ್ಚಳವನ್ನೇ ಒಯ್ಯುವುದು ಒಳ್ಳೆಯದು. ಅದು ಕಳೆದಿದ್ದರೆ ವಾಹನದ ಮಾಡೆಲ್, ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ ಎಂಬುದನ್ನು ಆರ್‌ಸಿ ನೋಡಿ ಬರೆದುಕೊಂಡು ಹೋಗಬೇಕು. ಬಾಯಿಗೆ ಕೂತರೆ ಸಾಕು ಎನ್ನುವಂತಿಲ್ಲ. ಗಾಳಿಯ ವ್ಯವಸ್ಥೆಯೂ ಆ ವಾಹನದ್ದೇ ಆಗಿರಬೇಕು.

ಕೆಲಸ ಬಯಲಿನಲ್ಲಿ, ಎಂಜಿನ್ ಆರಿಸಿ ತಣ್ಣಗಾದ ಮೇಲೆ ಆಗಬೇಕು. ಬೀಡಿ, ಒಲೆ, ಊದುಬತ್ತಿ ಸನಿಹ ಇರಬಾರದು. ಪೆಟ್ರೋಲ್ ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲಕ್ಕಿಳಿದು ದೂರದ ಕಿಡಿಯವರೆಗೂ ಹರಿಯುತ್ತದೆ. 1934ರ ಪೆಟ್ರೋಲಿಯಂ ಕಾಯ್ದೆ ಪರವಾನಗಿಯಿಲ್ಲದೆ, ಮಾರಾಟಕ್ಕಲ್ಲದೆ, ಇಟ್ಟುಕೊಳ್ಳಬಹುದಾದ ಪೆಟ್ರೋಲಿಗೆ 30 ಲೀಟರಿನ ಮಿತಿ ಹಾಕಿರುವುದೂ ಈ ಭಯದಿಂದಲೇ.

ಟ್ಯಾಂಕಿನ ಬಾಯಿಯ ಅಂಚನ್ನು ಒಣಗಿದ ಶುಭ್ರ ಬಟ್ಟೆಯಿಂದ, ಕೊಳೆ ಒಳಗೆ ಬೀಳದಂತೆ ಒರೆಸಬೇಕು. ಅಂಚು ತುಕ್ಕು ಹಿಡಿದಿದ್ದರೆ, ಡೊಂಕಾಗಿದ್ದರೆ ಹೊಸ ಮುಚ್ಚಳವೂ ಬಿಗಿಯಾಗಿ ಕೂರದು. ಈಚಿನ ಕಾರುಗಳಲ್ಲಿ ಮುಚ್ಚಳ ಕಳೆಯದಂತೆ ಪ್ಲಾಸ್ಟಿಕ್ ಪಟ್ಟಿಯೊಂದು ಹಿಡಿದಿರುತ್ತದೆ. ಅದರ ಗುಂಡಿಯನ್ನು ಮೆಲ್ಲಗೆ ಎಳೆದು ಬಿಡಿಸಿ, ಹೊಸ ಪಟ್ಟಿಯ ಗುಂಡಿಯನ್ನು ಅದೇ ತೂತಿಗೆ ಒತ್ತಿದರಾಯಿತು. ಬಳಿಕ ಮುಚ್ಚಳವನ್ನು ‘ಟಿಕ್’ ಎನ್ನುವವರೆಗೆ ತಿರುಗಿಸಬೇಕು. ಒಂದಿಷ್ಟು ದೂರ ಓಡಿಸಿ ಬಂದು ತೆರೆದಾಗ ಸಣ್ಣ ‘ಸುಂಯ್’ ಕೇಳಿಸಿದರೆ ಹೆದರಬೇಕಿಲ್ಲ. ಓಡುತ್ತಲೇ ಎಂಜಿನ್ ಸೊರಗಿ, ಮುಚ್ಚಳ ತೆರೆದೊಡನೆ ಸರಿಹೋದರೆ ಮಾತ್ರ ಅದು ತಪ್ಪು ಮುಚ್ಚಳ.

ಹೊಸದು ಬರುವವರೆಗೆ ಅರಿವೆ ತುರುಕಿದರೆ ತಪ್ಪೇನು ಎಂಬ ಪ್ರಶ್ನೆಗೆ ಉತ್ತರ ಹಳೆಯ ಚಿಮಣಿಯಲ್ಲೇ ಇದೆ. ಎಣ್ಣೆಯಲ್ಲಿ ಒಂದು ತುದಿ, ಹೊರಗೆ ಇನ್ನೊಂದು ತುದಿ ಇರುವ ಬಟ್ಟೆಗೆ ಬತ್ತಿ ಎಂದು ಹೆಸರು. ಕೆಳಗಿನ ಎಣ್ಣೆಯನ್ನು ಮೇಲಕ್ಕೆಳೆದು ಉರಿಯಲು ಸಿದ್ಧವಾಗಿ ನಿಲ್ಲುವುದು ಅದರ ಗುಣ. ಟ್ಯಾಂಕಿನ ಬಾಯಿಯಲ್ಲಿನ ಅರಿವೆ ಪೆಟ್ರೋಲಿನಲ್ಲಿ ತೊಯ್ದಾಗ ಮಾಡುವುದೂ ಅದನ್ನೇ.

ಮುಚ್ಚಳದ ದಿನಗಳೂ ಬಹಳ ಉಳಿದಿಲ್ಲವೇನೋ. ಪಂಪಿನ ಮೂತಿ ತಗುಲಿದಾಗ ತಾನೇ ತೆರೆದು ತಾನೇ ಮುಚ್ಚುವ ಬಾಯಿಯನ್ನು ಫೋರ್ಡ್ ಕಂಪನಿ 2008ರ ಸುಮಾರಿಗೆ ಅಮೆರಿಕದ ಕಾರುಗಳಲ್ಲಿ ತಂದಿತು. ವಿದ್ಯುತ್ ವಾಹನಗಳಿಗೆ ಟ್ಯಾಂಕೇ ಇಲ್ಲ. ಆದರೆ ಎರೆ ಹೊಲದ ಟ್ರ್ಯಾಕ್ಟರುಗಳೂ ಹಳ್ಳಿಯ ಹಳೆಯ ಕಾರುಗಳೂ ಇನ್ನೂ ಎಷ್ಟೋ ಮುಂಗಾರು, ಹಿಂಗಾರು ಕಾಣಲಿವೆ. ಅಲ್ಲಿಯವರೆಗೆ ಹುಬ್ಬಳ್ಳಿಗೆ ಸಂತೆಗೋ ಆಸ್ಪತ್ರೆಗೋ ಹೋಗುವವರ ಚೀಟಿಯಲ್ಲಿ ಮುಚ್ಚಳದ ಹೆಸರೂ ಒಂದು ಸಾಲು ಇರುವುದು ಒಳ್ಳೆಯದು.